ಇಲ್ಲಿಗೆ ಪಾಠ ಮುಗಿಯಿತು

ಗೋಂದಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಇಡೀ ಬೀದಿಗೆ ಗೊತ್ತು. ಪುಸ್ತಕ ಬೈಂಡ್ ಮಾಡುವ ಕೆಲಸ, ಬೆರಳ ಸಂದಿಯಲ್ಲಿ ಸದಾ ಒಣಗಿದ ಗೋಂದು, ಅದಕ್ಕೇ ಆ ಹೆಸರು. ಯಾರಾದರೂ ಹಾಳೆಯ ಮೂಲೆ ಮಡಿಸಿದ್ದು ಕಂಡರೆ ಸಾಕು, ಮಡಿಸಿದವರ ಏಳು ತಲೆಮಾರನ್ನೂ ಎಳೆದು ತಂದು ಬಯ್ಯುತ್ತಾಳೆ. ಆದರೆ ಚರ್ಚಿನ ದೊಡ್ಡ ಬೈಬಲ್ ಅವಳ ಮೇಜಿನ ಮೇಲೆ ಬಿಚ್ಚಿಕೊಂಡ ದಿನ ಬಂದ ಕೋಪವೇ ಬೇರೆ. ಅದು ಬಾಯಿಗೆ ಬರಲೇ ಇಲ್ಲ. ಕತ್ತಿಯನ್ನು ಮೇಜಿನ ಮೇಲಿಟ್ಟಳು.

ಪುಸ್ತಕವನ್ನು ಪಾಸ್ಟರೇ ಹೊತ್ತು ತಂದಿದ್ದರು. "ಬೆನ್ನು ಕಿತ್ತು ಬಂದಿದೆ ಅಕ್ಕಾ. ಭಾನುವಾರ ಪಶ್ಚಾತ್ತಾಪದ ಆರಾಧನೆ. ಅಷ್ಟರೊಳಗೆ ಬೇಕು," ಅಂದಿದ್ದರು. ಅವಳು ಹಳೇ ರಟ್ಟು ತೆಗೆದು, ಬೆನ್ನಿನ ಒಣ ಗೋಂದು ಕೆರೆದು, ಕಟ್ಟುಗಳನ್ನು ಒಂದೊಂದಾಗಿ ಬಿಡಿಸಿ ಎಣಿಸುತ್ತಾ ಬಂದಳು. ಒಂದೊಂದು ಕಟ್ಟಿಗೂ ಎಂಟು ಹಾಳೆ. ಒಂದು ಕಟ್ಟಿನಲ್ಲಿ ಮಾತ್ರ ಏಳೇ ಇತ್ತು.

ಇಲಿ ತಿಂದಿರಬೇಕು ಅಂದುಕೊಂಡಳು. ಆದರೆ ಇಲಿ ಕಚ್ಚಿದರೆ ಅಂಚು ಅಂಕುಡೊಂಕಾಗಿರುತ್ತದೆ. ಕೈಯಲ್ಲಿ ಹರಿದರೆ ನಾರು ಏಳುತ್ತದೆ. ಇಲ್ಲಿ ಹೊಲಿಗೆಯ ಪಕ್ಕ ಬೆರಳಗಲದ ಪಟ್ಟಿಯೊಂದು ಉಳಿದಿತ್ತು, ಅದರ ಅಂಚು ಗೆರೆ ಎಳೆದಷ್ಟು ನೇರ. ಕೆಳಗಿನ ಹಾಳೆಯ ಮೇಲೂ ಕತ್ತಿಯ ಗೀರು ಬಿದ್ದಿತ್ತು. ಯಾವ ಇಲಿ ಸ್ಕೇಲಿಟ್ಟು ಕತ್ತರಿಸುತ್ತದೆ, ಹೇಳಿ?

ಯಾವ ಹಾಳೆ ಅಂತ ನೋಡಿದಳು. ಯೆಶಾಯ ಪ್ರವಾದಿಯ ಹತ್ತನೇ ಅಧ್ಯಾಯ. ಕಳೆದುಹೋದ ಹಾಳೆಗೆ ಮುಂಚಿನ ಪುಟ ಅವಳಿಗೆ ಬಾಯಿಪಾಠ. ಪರದೇಶದ ದೊರೆ, ಅಶ್ಶೂರದವನು, ದೇವರ ಕೋಪದ ಕೋಲು. ತಪ್ಪು ಮಾಡಿದ ಜನವನ್ನು ಬೀದಿಯ ಕೆಸರಿನಂತೆ ತುಳಿಯಲು ದೇವರೇ ಅವನನ್ನು ಕಳಿಸುತ್ತಾನೆ. ಪುಟ ಅಲ್ಲಿಗೆ ಮುಗಿಯುತ್ತದೆ. ಪ್ರತಿ ವರ್ಷ ಆ ಭಾನುವಾರ ಪಾಸ್ಟರು ಅಲ್ಲೀತನಕ ಓದಿ, "ಇಲ್ಲಿಗೆ ಪಾಠ ಮುಗಿಯಿತು" ಅಂತ ಪುಸ್ತಕ ಮುಚ್ಚುತ್ತಾರೆ. ಜನ ತಲೆ ತಗ್ಗಿಸುತ್ತಾರೆ. ಪಾಠ ಅಲ್ಲಿಗೆ ಮುಗಿದಿರಲಿಲ್ಲ, ಅಲ್ಲಿಗೆ ಯಾರೋ ಕತ್ತರಿಸಿದ್ದರು. ಮನೇಲೂ ಬೈಬಲ್ ಇದ್ದವರೆಷ್ಟೋ ಜನ. ಒಬ್ಬರೂ ತೆಗೆದು ನೋಡಿರಲಿಲ್ಲ, ಅದರ ಮೇಲೆ ಕನ್ನಡಕ ಇಟ್ಟುಕೊಂಡು ಮಲಗುವವರೇ ಎಲ್ಲ. ಅವಳೇನು ಕಮ್ಮಿಯಾ? ಅವಳೂ ನೋಡಿರಲಿಲ್ಲ.

ಅವಳಿಗೆ ಒಂಬತ್ತು ವರ್ಷವಿದ್ದಾಗ ಊರು ಪರದೇಶದವರ ಕೈಯಲ್ಲಿತ್ತು. ಊರವರು ಅವರನ್ನು ಬೂಟಿನವರು ಅಂತಿದ್ದರು, ಅದೂ ಬಾಗಿಲು ಹಾಕಿಕೊಂಡ ಮೇಲೆ. ಸೇತುವೆ ಕಟ್ಟಲು ಮನೆಗೊಬ್ಬ ಗಂಡಾಳು ಬೇಕು ಅಂತ ಬಂದರು. ಅಪ್ಪನಿಗೆ ಎದೆಯಲ್ಲಿ ಕೆಮ್ಮು, ಅಣ್ಣನನ್ನು ಎಳೆದುಕೊಂಡು ಹೋದರು. ಇಪ್ಪತ್ತು ವರ್ಷದವನು, ಉಣ್ಣುತ್ತಿದ್ದವನು, ಕೈ ತೊಳೆಯಲೂ ಬಿಡಲಿಲ್ಲ. ಮೂರು ವಾರಕ್ಕೆ ಅವನ ಅಂಗಿ ಮಾತ್ರ ವಾಪಸು ಬಂತು.

ಅಮ್ಮ ಅಳುತ್ತಾ ಆಗಿನ ಪಾಸ್ಟರ ಹತ್ತಿರ ಓಡಿದಳು. ಅವರು ಕೂರಿಸಿ ಸಮಾಧಾನ ಹೇಳಲಿಲ್ಲ. "ಬೂಟಿನವರು ದೇವರ ಕೋಲು ಕಣಮ್ಮಾ. ಕೋಲಿನ ಮೇಲೆ ಸಿಟ್ಟು ಮಾಡಬೇಡ. ನಿನ್ನ ಮನೆಯಲ್ಲಿ ಏನು ಪಾಪವಾಗಿದೆ, ಅದನ್ನ ಹುಡುಕು," ಅಂದರು. ಅಮ್ಮ ಹುಡುಕಿದಳು. ಹುಡುಕಿದರೆ ಸಿಗದೇ ಇರುತ್ತದಾ? ಅಣ್ಣನನ್ನು ಎಳೆದುಕೊಂಡು ಹೋಗುವುದಕ್ಕೆ ಹಿಂದಿನ ಭಾನುವಾರ, ಶಾಲೆ ಪುಸ್ತಕಗಳ ಕೆಲಸ ತುರ್ತಾಗಿದೆ ಅಂತ, ಆರಾಧನೆಗೆ ಹೋಗದೆ ಕೂತು ಕಟ್ಟು ಹೊಲಿದಿದ್ದಳು. ಮಗನನ್ನು ಕೊಂದಿದ್ದು ತನ್ನ ಸೂಜಿ ಅಂತ ಅವತ್ತೇ ತೀರ್ಮಾನ ಮಾಡಿದಳು. ಮತ್ತೆಂದೂ ಸೂಜಿ ಮುಟ್ಟಲಿಲ್ಲ.

ಅಪ್ಪ ಅದೇ ವರ್ಷ ಕೆಮ್ಮುತ್ತಾ ಹೋದ. ಅಮ್ಮ ಸೂಜಿ ಬಿಟ್ಟಿದ್ದರಿಂದ ಮಗಳು ಶಾಲೆ ಬಿಟ್ಟಳು. ನಾಲ್ಕನೇ ಕ್ಲಾಸಿನ ಹುಡುಗಿ ಊರ ಮಕ್ಕಳ ಪುಸ್ತಕ ಹೊಲಿದುಕೊಂಡು ಕೂತಳು. ಬೂಟಿನವರು ಇನ್ನೂ ಆರು ವರ್ಷ ಇದ್ದು, ಹೊರಟುಹೋಗಿ ನಲವತ್ತು ವರ್ಷವಾಯಿತು, ಅಮ್ಮನ ಪಶ್ಚಾತ್ತಾಪ ಮಾತ್ರ ಮುಗಿಯಲಿಲ್ಲ. ಈಗ ಎಂಬತ್ತಾರು. ಹೃದಯ ಸೋತಿದೆ, ಇನ್ನು ದಿನ ಎಣಿಸಬೇಕು ಅಂತ ಡಾಕ್ಟರು ಹೇಳಿಯಾಗಿದೆ. ಅಮ್ಮನಿಗೆ ಸಾವಿನ ಭಯ ಎಳ್ಳಷ್ಟೂ ಇಲ್ಲ. "ಅಲ್ಲಿ ನಿಮ್ಮಣ್ಣ ಎದುರಿಗೆ ಬಂದರೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ?" ಅಂತ ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಗೋಂದಕ್ಕನಿಗೆ ಅದನ್ನು ಕೇಳಲಾಗುವುದಿಲ್ಲ. ಅದಕ್ಕೇ "ಸುಮ್ಮನೆ ಮಲಗಮ್ಮ" ಅಂತ ರೇಗುತ್ತಾಳೆ.

ಅಪ್ಪನ ಚಿಕ್ಕ ಬೈಬಲನ್ನು ಪೆಟ್ಟಿಗೆಯಿಂದ ತೆಗೆದು, ಇಲ್ಲದ ಪುಟ ಓದಿದಳು. ಓದಿದಳು, ಮತ್ತೆ ಓದಿದಳು. ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಜೆರಾಕ್ಸ್ ಅಂಗಡಿಗೆ ಹೋಗಿ, ಆ ಭಾಗವನ್ನು ದೊಡ್ಡದು ಮಾಡಿಸಿ, ದಪ್ಪ ಕಾಗದದ ಎರಡೂ ಬದಿಗೆ ಹಾಕಿಸಿಕೊಂಡು ಬಂದಳು.

ಶುಕ್ರವಾರ ಮಧ್ಯಾಹ್ನ ಪಾಸ್ಟರು ಬಂದರು. ಗೋಂದಕ್ಕ ಪಟ್ಟಿ ತೋರಿಸಿದಳು, ಕತ್ತಿಯ ಗೀರು ತೋರಿಸಿದಳು. ಅವರು ಕನ್ನಡಕ ಏರಿಸಿ, ಬಗ್ಗಿ ನೋಡಿದರು.

"ಹಳೇ ಪಾಸ್ಟರು ಹೆದರಿ ಮಾಡಿರಬೇಕು ಅಕ್ಕಾ. ಬೂಟಿನವರು ಆರಾಧನೆಯಲ್ಲೂ ಬಂದು ಕೂರುತ್ತಿದ್ದರಂತೆ. ಅವರೂ ಮನುಷ್ಯರೇ. ತೀರಿಕೊಂಡವರ ಮೇಲೆ ಈಗ ಕೆಸರು ಯಾಕೆ?"

"ಹೆದರಿ ಕತ್ತರಿಸಿದ್ದಕ್ಕೆ ನಾನು ಬಯ್ಯಲ್ಲ ಪಾಸ್ಟರೇ. ಕುತ್ತಿಗೆ ಮೇಲೆ ಬಂದೂಕಿದ್ದರೆ ನಾನೂ ಕತ್ತರಿಸುತ್ತಿದ್ದೆನೋ ಏನೋ. ಬೂಟಿನವರು ಹೋದ ಮಾರನೇ ದಿನ ಯಾಕೆ ಅಂಟಿಸಲಿಲ್ಲ? ಅದನ್ನ ಹೇಳಿ. ಗೋಂದು ಸಿಗಲಿಲ್ವಾ? ನಮ್ಮನೇಲಿತ್ತಲ್ಲ."

"ಜನಕ್ಕೆ ಗೊಂದಲ ಆಗುತ್ತೆ..."

"ನಮ್ಮಮ್ಮ ನಲವತ್ತಾರು ವರ್ಷದಿಂದ ಮೊಣಕಾಲೂರಿ ಕೂತಿದ್ದಾಳಲ್ಲ, ಅದು ನಿಮಗೆ ಗೊಂದಲ ಅನ್ನಿಸಲಿಲ್ವಾ? ಈ ಅಧ್ಯಾಯದ ಮೊದಲಲ್ಲೇ ಇದೆ ನೋಡಿ, ದೇವರು ಸಿಟ್ಟು ಮಾಡಿದ್ದು ಯಾರ ಮೇಲೆ ಅಂತ. ಅನ್ಯಾಯದ ಕಾನೂನು ಬರೆದು ವಿಧವೆಯರನ್ನ ದೋಚಿದ ದೊಡ್ಡ ಮನುಷ್ಯರ ಮೇಲೆ. ಭಾನುವಾರ ಸೂಜಿ ಹಿಡಿದ ಹೆಂಗಸಿನ ಮೇಲಲ್ಲ. ಆ ಸಾಲು ನಿಮ್ಮ ಕಣ್ಣೆದುರೇ ಇತ್ತು. ನೀವು ಅದನ್ನ ದಾಟಿ ಐದನೇ ವಚನದಿಂದ ಶುರು ಮಾಡ್ತೀರಿ."

ಒಳಗಿನ ಕೋಣೆಯಿಂದ ಅಮ್ಮನ ದನಿ ಬಂತು. "ಏನು ಪುಟ ಅದು? ಇಲ್ಲಿ ಬಂದು ಓದು."

ಗೋಂದಕ್ಕ ಮಂಚದ ಪಕ್ಕ ಕೂತು ಓದಿದಳು. ಪಾಸ್ಟರು ಬಾಗಿಲಲ್ಲಿ ನಿಂತಿದ್ದರು. ದೇವರು ಕಳಿಸಿದ ಕೆಲಸ ಆ ದೊರೆಯ ಮನಸ್ಸಿನಲ್ಲಿ ಇರಲೇ ಇಲ್ಲ, ಕಂಡಕಂಡ ಜನಾಂಗವನ್ನು ಹಾಳು ಮಾಡುವುದೇ ಅವನಿಗೆ ಬೇಕಿದ್ದದ್ದು. ಎಲ್ಲ ತನ್ನ ಕೈಬಲದಿಂದ ಆಯಿತು ಅಂತ ಜಂಬ ಕೊಚ್ಚಿದ. ಕೊಡಲಿ ತನ್ನನ್ನು ಹಿಡಿದವನಿಗಿಂತ ದೊಡ್ಡದಾ ಅಂತ ಪ್ರವಾದಿ ಕೇಳುತ್ತಾನೆ. ತನ್ನ ಕೆಲಸ ಮುಗಿದ ಮೇಲೆ ದೇವರು ಆ ಕೋಲನ್ನೂ ಬಿಡುವುದಿಲ್ಲ, ಅವನ ಸೊಕ್ಕಿನ ಲೆಕ್ಕವನ್ನೂ ಕೇಳುತ್ತಾನೆ.

ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, "ಇದು ಆವಾಗಲೂ ಇತ್ತಾ?" ಅಂದಳು.

"ಆವಾಗಲೂ ಇತ್ತಮ್ಮ."

"ನಾನು ಅಳುತ್ತಾ ಹೋದೆನಲ್ಲ, ಅವತ್ತೂ?"

"ಅವತ್ತೂ ಇತ್ತು."

ಜೋರಾಗಿ ಮಾತಾಡಿಯೇ ಗೊತ್ತಿಲ್ಲದ ಹೆಂಗಸು ಅಮ್ಮ. ಅವಳ ಗದ್ದ ನಡುಗಿದ್ದು ಅಳುವಿನಿಂದ ಅಂತ ಗೋಂದಕ್ಕ ಮೊದಲು ಅಂದುಕೊಂಡಳು. "ಆವಾಗಿನ ಆ ಪಾಸ್ಟರು, ಅಯೋಗ್ಯ," ಅಂದಳು ಅಮ್ಮ. "ನನ್ನ ಮಗನನ್ನ ಕೊಂದವರನ್ನ ದೇವರೇ ಕ್ಷಮಿಸದೆ ಕೂತಿದ್ದ. ಇವನು ನನ್ನ ಕೈಲಿ ಕ್ಷಮೆ ಕೇಳಿಸಿದನಲ್ಲೇ." ಪಾಸ್ಟರು ಚಪ್ಪಲಿ ಹುಡುಕಿಕೊಂಡು ಹೊರಟುಹೋದರು. ಅವರು ಹೋದ ಮೇಲೆ ಅಮ್ಮ, "ಪುಸ್ತಕ ಎಲ್ಲ ಮುಗಿಸು. ಆ ಒಂದು ಹಾಳೆ ನನಗೆ ಬಿಡು," ಅಂದಳು.

ಭಾನುವಾರ ಬೆಳಗ್ಗೆ ಅಮ್ಮನನ್ನು ದಿಂಬಿಗೆ ಒರಗಿಸಿ, ಮಡಿಲ ಮೇಲೆ ಹಲಗೆ ಇಟ್ಟು, ಅದರ ಮೇಲೆ ಪುಸ್ತಕ ಬಿಚ್ಚಿಟ್ಟಳು ಗೋಂದಕ್ಕ. ದಾರ ಪೋಣಿಸಿದ್ದು ಮಗಳು, ಹೊಲಿದದ್ದು ಅಮ್ಮ. ಕತ್ತಿಯವನು ಉಳಿಸಿಹೋಗಿದ್ದ ಆ ಬೆರಳಗಲದ ಪಟ್ಟಿಗೇ ಹೊಸ ಹಾಳೆ ಸೇರಿಸಿ ಹನ್ನೊಂದು ಹೊಲಿಗೆ ಹಾಕಿದಳು. ಎರಡು ಸಲ ಸೂಜಿ ಚುಚ್ಚಿಕೊಂಡಳು, ಎರಡು ಸಲವೂ ಹಳೇ ಪಾಸ್ಟರನ್ನೇ ಬೈದಳು.

ಗೋಂದಕ್ಕ ಅಮ್ಮನನ್ನು ಪುಸ್ತಕದ ಸಮೇತ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಚರ್ಚಿಗೆ ಹೋಗಿ, ಪುಸ್ತಕ ಪಾಸ್ಟರಿಗೆ ಕೊಟ್ಟು, ಕುರ್ಚಿಯನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದಳು. ಪಾಸ್ಟರು ಐದನೇ ವಚನದಿಂದ ಶುರು ಮಾಡಿದರು, ತಲೆ ಎತ್ತದೆ ಓದಿದರು. ದೇವರ ಕೋಪದ ಕೋಲು ಬಂತು, ಬೀದಿಯ ಕೆಸರು ಬಂತು, ಪುಟದ ಕೊನೆ ಬಂತು.  ಅವರು ಚರ್ಚು ನಡೆಸುವ ಹಿರಿಯರ ಬೆಂಚಿನ ಕಡೆ ಒಮ್ಮೆ ನೋಡಿದರು.

"ಇಲ್ಲಿಗೆ ಪಾಠ..."

"ಮುಗಿದಿಲ್ಲ," ಅಂದಳು ಅಮ್ಮ. ಎಲ್ಲರೂ ತಿರುಗಿ ನೋಡಿದರು. "ಹಾಳೆ ತಿರುಗಿಸಪ್ಪಾ. ಇವತ್ತು ಬೆಳಗ್ಗೆ ನಾನೇ ಹೊಲಿದಿದ್ದೀನಿ."