ಒಳಗೆ ಎಂಬ ಮಾತು

ಯಾರಾದರೂ ಜೈಲಿಗೆ ಹೋದ ಸುದ್ದಿ ಬಂದರೆ, ಕುಂದೂರಿನ ನಮ್ಮ ಕನ್ನಡ ಮೇಷ್ಟ್ರು ರಂಗಪ್ಪನವರು ಮೊದಲು ವಿಚಾರಿಸುತ್ತಿದ್ದುದು ಅವರ ತಪ್ಪನ್ನಲ್ಲ, ಪದವನ್ನು. "ಜೈಲು ಅಂದ್ಯಾ? ಅದು ಇಂಗ್ಲಿಷು. ಕೈದಿ ಅರಬ್ಬಿ. ಬಂಧನ ಸಂಸ್ಕೃತ. ಸೆರೆ ಒಂದೇ ಕಣೋ ನಮ್ದು!" ಎಂದು, ಹಿತ್ತಲಲ್ಲಿ ಬೆಳೆದ ಸೌತೆಕಾಯಿ ತೋರಿಸುವ ಹೆಮ್ಮೆಯಲ್ಲಿ ಹೇಳುತ್ತಿದ್ದರು. ಬೆಳಗಾವಿ ಕಡೆ ಜೈಲಿಗೆ ತುರಂಗ ಅಂತಾರೆ ಎಂದು ಅವರು ಒಮ್ಮೆ ಅಂದಾಗ, "ತುರಂಗ ಅಂದ್ರೆ ಕುದುರೆ ಅಲ್ವಾ ಸಾ?" ಎಂದು ಕೇಳಿದ್ದೆ.

"ಇದು ಬೇರೆ ಕಣೋ, ಪೋರ್ಚುಗೀಸರ ಮಾತು, ಮರದ ಕೊರಡು ಅಂತ. ಕೈದಿ ಕಾಲು ಅದಕ್ಕೆ ಸಿಗಿಸಿದ್ರೆ ಮುಗೀತು. ಈ ಕುದುರೆ ಹತ್ತಿದ್ರೆ ಇಳಿಯಕ್ಕಾಗಲ್ಲ ಮಾರಾಯ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಸೋಮಣ್ಣ ಮೇಷ್ಟ್ರ ತಮ್ಮ; ಅವನನ್ನು ಮಗನ ಹಾಗೆ ಸಾಕಿದ್ದು ಅವರೇ. ಆಗಿನ್ನೂ ನಮ್ಮ ಕಡೆ ಆನೆಯನ್ನು ಕೊಲ್ಲದೆ ಬೆದರಿಸುವ ಸೋಲಾರ್ ಬೇಲಿ ಬಂದಿರಲಿಲ್ಲ. ಆನೆ ಭತ್ತ ತುಳಿದ ಸಿಟ್ಟಿಗೆ ಸೋಮಣ್ಣ ಗದ್ದೆ ಬೇಲಿಗೆ ಕರೆಂಟು ಕೊಟ್ಟ. ಹೆಣ್ಣಾನೆಯೊಂದು ಸತ್ತಿತು. ಅವನನ್ನು ಹಿಡಿದು ಹಾಸನದ ಜೈಲಿಗೆ ಹಾಕಿದರು.

ಟೀ ಅಂಗಡಿಯಲ್ಲಿ ಯಾರೋ, "ಸೋಮ ಎಲ್ಲವ್ನೆ?" ಎಂದರು. ಇನ್ನೊಬ್ಬರು ದನಿ ತಗ್ಗಿಸಿ, "ಒಳಗವ್ನೆ" ಎಂದರು. ಮೇಷ್ಟ್ರು ಲೋಟ ಅಲ್ಲೇ ಇಟ್ಟು ಎದ್ದು ಬಂದರು. ದಾರಿಯಲ್ಲಿ, ಜೊತೆಗೆ ಹೊರಟ ನನಗೆ ಹೇಳಿದರು: "ಸೆರೆ ನಮ್ದು ಅಂತ ಕುಣೀತಿದ್ದೆ ನೋಡು. ಒಳಗೆ ಅನ್ನೋದು ಅದಕ್ಕಿಂತ ನಮ್ದು. ಮನೆಗ್ ಬಂದೋರಿಗೆ ಇನ್ನು ಹೆಂಗೋ ಒಳಗ್ ಬನ್ನಿ ಅನ್ಲಿ?"

ಆಮೇಲೆ ಬಂದವರಿಗೆಲ್ಲ ಜಗಲಿಯಲ್ಲೇ ಕಾಫಿ. ನೆಂಟರು ಮುನಿಸಿಕೊಂಡರು. ಹೆಂಡತಿ ಜಯಮ್ಮ ಹಣೆ ಚಚ್ಚಿಕೊಂಡರು. ಒಂದು ಮಾತಿಗೆ ಇಷ್ಟು ಹೆದರುವುದೇ ಎಂದು ನನಗೂ ರೇಗಿತ್ತು.

ಜಾಮೀನು ಸಿಕ್ಕಿ ಸೋಮಣ್ಣ ಬಂದಾಗ ನಾನು ಅಲ್ಲೇ ಇದ್ದೆ. ಅವನು ಚಪ್ಪಲಿ ಬಿಟ್ಟು ಅಂಗಳದಲ್ಲೇ ತಲೆ ತಗ್ಗಿಸಿ ನಿಂತ. ಅಣ್ಣ ಕರೆಯದೆ ಹೊಸಿಲು ದಾಟುವ ಧೈರ್ಯ ಅವನಿಗಿರಲಿಲ್ಲ. ಮೇಷ್ಟ್ರ ತುಟಿ ಅಲುಗಿತು, ಮಾತು ಹೊರಡಲಿಲ್ಲ. ತಾನು ಬೇಡವಾದೆ ಎಂದುಕೊಂಡನೋ ಏನೋ, ಸೋಮಣ್ಣ ಮತ್ತೆ ಚಪ್ಪಲಿಗೆ ಕಾಲು ತೂರಿಸಿದ. ಮೇಷ್ಟ್ರು ಓಡಿಹೋಗಿ ಅವನ ರಟ್ಟೆ ಹಿಡಿದರು.

"ಎಲ್ಲಿಗೋ? ಒಳಗೆ... ಒಳಗ್ ಬಾರೋ ಮಗಾ" ಎಂದು ಅತ್ತುಬಿಟ್ಟರು.

ಮೇಷ್ಟ್ರು ತೀರಿಕೊಂಡ ಮೇಲೆ ಒಮ್ಮೆ ಆ ಮನೆಗೆ ಹೋಗಿದ್ದೆ. ಸೋಮಣ್ಣ ಬಾಗಿಲಿಗೆ ಬಂದ. "ಕೇಸು ಇನ್ನೂ ನಡೀತೈತೆ" ಎಂದ. ಬನ್ನಿ ಅಂದ, ಕೂತ್ಕಳಿ ಅಂದ, ಜಗಲಿಯಲ್ಲಿ ಚಾಪೆ ಹಾಸಿದ. ಒಳಗೆ ಅನ್ನಲಿಲ್ಲ.