ಸಿಹಿಯಾಗದ ತುತ್ತು

ಕೇಳಿ ಸ್ನೇಹಿತರೇ, ಇವತ್ತು ನನ್ನ ಒಂಬತ್ತನೇ ತರಗತಿಯ ಮಕ್ಕಳೆಲ್ಲ ಕಣ್ಣು ಮುಚ್ಚಿ, ಬುತ್ತಿಯ ಬರೀ ಅನ್ನವನ್ನು ನುಂಗದೆ ಅಗಿಯುತ್ತ ಕೂತಿದ್ದರು. ಜೊಲ್ಲಿನಲ್ಲಿರುವ ಕಿಣ್ವ ಅನ್ನದ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದಲ್ಲ, ಅದನ್ನು ಅವರ ನಾಲಿಗೆಯೇ ಹೇಳಲಿ ಎಂದು ನನ್ನ ಆಸೆ. ಪಕ್ಕದ ಹೋಟೆಲಿನ ಟೇಪ್ ರೆಕಾರ್ಡರ್ ಹಾಡು ಕನಸಿನಲ್ಲಿ ಕೇಳಿದಂತಿತ್ತು. ಒಂದೊಂದೇ ಮುಖದಲ್ಲಿ ಮೆಲ್ಲಗೆ ನಗು ಮೂಡುತ್ತಿತ್ತು.

ಹೆಡ್‌ಮಾಸ್ಟರ್ ಒಳಗೆ ಬಂದರು. "ಏನ್ರೀ ಟೀಚರ್, ಪಾಠದ ಹೊತ್ತಲ್ಲಿ ಊಟನಾ?"

ವಿಷಯ ಹೇಳಿದೆ. ತಾವೂ ಒಂದು ತುತ್ತು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಎಲ್ರೀ ಸಿಹಿ? ಮಕ್ಕಳಿಗೆ ಸುಳ್ಳು ಹೇಳ್ಕೊಡ್ತೀರಲ್ರೀ!"

ಮಕ್ಕಳೆಲ್ಲ ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

ಹೊಸಬಾಳೆಯಿಂದ ಬರುವ ಗೌರಿ ಅನ್ನ ನುಂಗಿ ಎದ್ದಳು. "ಸಾರ್, ನೀವು ಈಗಷ್ಟೇ ಎಲೆ-ಅಡಿಕೆ ಹಾಕಿದ್ರಲ್ಲ. ಸುಣ್ಣ ಬಿದ್ರೆ ಕಿಣ್ವ ಕೆಲ್ಸ ಮಾಡಲ್ಲ ಅಂತ ಟೀಚರ್ ನಿನ್ನೆನೇ ಹೇಳಿದ್ರು."

ಹೆಡ್‌ಮಾಸ್ಟರ್ ಕೆಂಪು ತುಟಿ ಒರೆಸಿಕೊಂಡರು. "ಆಗ್ಲಿ, ನಾಳೆ ಎಲೆ ಹಾಕ್ದೇನೇ ಬರ್ತೀನಿ."

ಅವರ ಮನೆಯವರು ಇಷ್ಟು ವರ್ಷ ಬೇಡಿಕೊಂಡರೂ ಬಿಡದಿದ್ದ ಎಲೆ-ಅಡಿಕೆಯನ್ನು ಒಂದು ತುತ್ತು ಅನ್ನ ಬಿಡಿಸಿದೆ, ನಾಳೆಯ ಮೊದಲ ಪೀರಿಯಡ್ ಮುಗಿಯುವವರೆಗಾದರೂ.