ಮೆಡಿಕಲ್ ಬೋರ್ಡಿಗೆ ಉಟ್ಟ ಸೀರೆ

ಕುಮಟೆಯ ವಸುಮತಿ ಕೊಚ್ಚಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದಳು. ನರದ ಕಾಯಿಲೆ ಕಾಲು ಹಿಡಿದ ಮೇಲೆ ನೌಕರಿ ಬಿಟ್ಟು ಅಂಗವಿಕಲರ ಪಿಂಚಣಿಯಲ್ಲಿ ದಿನ ದೂಡುತ್ತಿದ್ದಳು. ಈ ವರ್ಷ ಬೆರಳುಗಳೂ ಸೋತವು. ಕಾಯಿಲೆ ಹೆಚ್ಚಾಗಿದ್ದರೆ, ಪಿಂಚಣಿ ಏರಿಸಿಕೊಳ್ಳಲು ಮೆಡಿಕಲ್ ಬೋರ್ಡಿನ ಮುಂದೆ ತಾನೇ ಹೋಗಿ ಹೇಳಿಕೊಳ್ಳಬೇಕಂತೆ. ಹಾಳು ನಿಯಮ! ನರಳುವವರೇ ನರಳಾಟಕ್ಕೆ ವಕೀಲರೂ ಆಗಬೇಕು.

ಹಾಗಂತ ಡಾಕ್ಟರ ಮುಂದೆ ಮುದುಡಿದ ನೈಟಿಯಲ್ಲಿ ಹೋಗುವುದುಂಟೇ? ಗಂಡ ವಿನಾಯಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಗಂಜಿ ಹಾಕಿದ ಹತ್ತಿ ಸೀರೆಗೆ ನೆರಿಗೆ ಹಿಡಿದು ಉಡಿಸಿದ. ವೈಟ್ಟಿಲ ಕಡೆಯ ಸಿಟಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದ: "ಇವತ್ತೊಂದು ದಿನ ಯಾರು ಕೇಳಿದರೂ ಆರಾಮ ಅನ್ನಬೇಡ ಮಾರಾಯ್ತಿ."

ಅವನನ್ನು ಹೊರಗೇ ಕೂರಿಸಿ ಅವಳನ್ನು ಒಳಗೆ ಕರೆದರು. ಡಾಕ್ಟರಮ್ಮ ನಗುತ್ತಾ, "ಸುಖಮಾಣೋ ಚೇಚಿ?" ಎಂದು ಮಲಯಾಳದಲ್ಲಿ ಕೇಳಿದರು, ಆರಾಮವಾ ಅಕ್ಕ ಅಂತ. ಹೊರಗಿನವರ ಮುಂದೆ ಗೋಳು ತೋಡಿಕೊಂಡು ಅಭ್ಯಾಸವಿಲ್ಲದ ಬಾಯಿ ಅದು. "ಸುಖ" ಎಂದುಬಿಟ್ಟಿತು. ಡಾಕ್ಟರಮ್ಮ ಬೆರಳು ಮುಟ್ಟಿಯೂ ನೋಡದೆ, ಸೀರೆಯತ್ತ ಒಮ್ಮೆ ಕಣ್ಣು ಹಾಯಿಸಿ, ಬದಲಾವಣೆಯಿಲ್ಲ ಎಂದು ಬರೆದರು.

"ಏನಂದರು?" ವಿನಾಯಕ ಬಾಗಿಲಲ್ಲೇ ಕೇಳಿದ.

ಅವಳು ಗೋಡೆ ಹಿಡಿದು ನಿಂತಳು. "ಬೆರಳಿಗೇನೂ ಆಗಿಲ್ಲವಂತೆ. ನೆರಿಗೆ ಎಷ್ಟು ಚೆಂದ ಹಿಡಿದಿದ್ದೀರಿ ಅಂದರು."